ಹಿಂದಕ್ಕೆ ಬಾರದ ತಗಡು

ಅವನ ನಿವೃತ್ತಿ ಸಮಾರಂಭದಲ್ಲಿ ಚಪ್ಪಾಳೆ ತಟ್ಟಬಾರದೆಂದು ತೀರ್ಮಾನಿಸಿಕೊಂಡೇ ಹೋಗಿದ್ದೆ. ಮೂರನೇ ಸಾಲಿನಲ್ಲಿ ಕುಳಿತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ಅವನಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ತಲೆಗೆ ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದಾಗಿ ಹುಬ್ಬಿನ ತನಕ ಜಾರಿತು. ಅವನು ಅದನ್ನು ಒಂದೇ ಬೆರಳಿನಿಂದ ಮೇಲಕ್ಕೆತ್ತಿ, ಒಂದು ಕಣ್ಣು ಮುಚ್ಚಿ ಸಭೆಯನ್ನು ನೋಡಿದ. ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು. ನೋಡಿಕೊಂಡರೆ ನನ್ನ ಕೈಗಳೂ ಹೊರಗೆ ಬಂದು ಅದೇ ಕೆಲಸ ಮಾಡುತ್ತಿದ್ದವು.

ಲಗ್ಗೆರೆಯ ನಮ್ಮ ಸಣ್ಣ ಕೈಗಾರಿಕೆಗಳ ಸಂಘದವರು ವಾರ್ಷಿಕ ಸಂಚಿಕೆಗೆ 'ನೀವು ಹತ್ತಿರದಿಂದ ಕಂಡ ಒಬ್ಬ ಕೆಲಸಗಾರನ ಬಗ್ಗೆ ಬರೀರಿ' ಎಂದು ಕೇಳಿದಾಗ ನನಗೆ ಬೇರೆ ಯಾರೂ ಹೊಳೆಯಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು. ಹೆಸರು ಮಾತ್ರ ಬರೆಯುವುದಿಲ್ಲ. ಆ ಹೆಸರನ್ನು ಈಗಾಗಲೇ ಫಲಕದ ಮೇಲೆ, ಬ್ಯಾನರಿನ ಮೇಲೆ, ವಿಜ್ಞಾನಿಗಳ ಇಂಗ್ಲಿಷ್ ಪ್ರಬಂಧಗಳ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬೇಕಾದಷ್ಟು ಜನ ಬರೆದಿದ್ದಾರೆ. ನಾನೊಬ್ಬ ಬರೆಯದಿದ್ದರೆ ಅವನಿಗೇನೂ ಕಡಿಮೆಯಾಗುವುದಿಲ್ಲ.

ನಾವಿಬ್ಬರೂ ಮಾಗಡಿ ರಸ್ತೆ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತು ಕೆಲಸ ಮಾಡಿದವರು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಅವನು ಎಸ್ಸೆಸ್ಸೆಲ್ಸಿ ಫೇಲು. ಫೇಲಾದರೂ ಪರೀಕ್ಷೆಯ ತನಕ ಹೋದವನು ಎಂಬುದು ನನ್ನ ಮೊದಲನೆಯ ಹೊಟ್ಟೆಕಿಚ್ಚು. ಅಲ್ಲಿ ಶೀಟು ಕತ್ತರಿಸಿ, ಬಗ್ಗಿಸಿ, ಕರೆಂಟಿನ ಮೀಟರ್ ಡಬ್ಬಿಗಳನ್ನು ಮಾಡುತ್ತಿದ್ದೆವು. ನಾನು ಒಂದು ಶಿಫ್ಟಿಗೆ ನಲವತ್ತು ಡಬ್ಬಿ ಬಗ್ಗಿಸಿದರೆ ಅವನದು ಇಪ್ಪತ್ತೈದು ದಾಟುತ್ತಿರಲಿಲ್ಲ. ಮಾಲೀಕರು ನನ್ನ ಕೈಯನ್ನು ಹಿಡಿದೆತ್ತಿ, "ಕೈ ಅಂದ್ರೆ ಇದು ನೋಡ್ರಪ್ಪಾ" ಎಂದು ಎಲ್ಲರಿಗೂ ತೋರಿಸುತ್ತಿದ್ದರು. ಅವನು ಆಗಲೂ ತಲೆ ಎತ್ತುತ್ತಿರಲಿಲ್ಲ.

ಅವನ ನಿಧಾನ ಅಂಥದ್ದು. ಶೀಟು ಮುಟ್ಟುವ ಮುಂಚೆ ಬೆರಳ ತುದಿಗೆ ಊದಿಕೊಳ್ಳುತ್ತಿದ್ದ. ಬಗ್ಗಿಸಿದ ಮೇಲೆ ಅದನ್ನು ಬಾಗಿಲಿನ ಬೆಳಕಿಗೆ ಒಯ್ದು, ಒಂದು ಕಣ್ಣು ಮುಚ್ಚಿ, ಅಂಚಿನ ಉದ್ದಕ್ಕೂ ಹೆಬ್ಬೆರಳು ಆಡಿಸಿ "ಇನ್ನೊಂಚೂರು" ಎನ್ನುತ್ತಿದ್ದ. ಮತ್ತೆ ಮಿಷನ್ನಿಗೆ. ಮತ್ತೆ ಬಾಗಿಲಿಗೆ. ತನ್ನ ಪೀಸಿಗೆ ಮಾತ್ರ ಹೀಗೆಂದುಕೊಂಡಿದ್ದರೆ ನನಗೇನೂ ತೊಂದರೆ ಇರಲಿಲ್ಲ. ನನ್ನ ಸಾಲಿನಿಂದಲೂ ಒಂದು ಡಬ್ಬಿ ಎತ್ತಿಕೊಂಡು ಅದೇ ಕಣ್ಣು, ಅದೇ ಹೆಬ್ಬೆರಳು, ಅದೇ ಮಾತು. ಸಿಟ್ಟು ಬಂದು ಮೂಲೆಮಟ್ಟ ಹಿಡಿದು ನೋಡಿದರೆ ನಿಜವಾಗಿಯೂ ಅರ್ಧ ಡಿಗ್ರಿ ಬಾಕಿ ಇರುತ್ತಿತ್ತು.

ತಗಡಿನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ತಗಡು ಬಗ್ಗಿಸಿದಷ್ಟೇ ಬಗ್ಗಿ ನಿಲ್ಲುವುದಿಲ್ಲ. ಒತ್ತಡ ತೆಗೆದ ಕೂಡಲೇ ಒಂಚೂರು ಹಿಂದಕ್ಕೆ ಬರುತ್ತದೆ. ತೊಂಬತ್ತು ಡಿಗ್ರಿ ಬೇಕಾದರೆ ತೊಂಬತ್ತೆರಡಕ್ಕೆ ಒತ್ತಬೇಕು. ಸ್ಟೀಲಿಗೆ ಬೇರೆ, ಅಲ್ಯೂಮಿನಿಯಮ್ಮಿಗೆ ಬೇರೆ. ಮಳೆಗಾಲದಲ್ಲಿ ನನಗೆ ಒಂದು ಲೆಕ್ಕ, ಬೇಸಿಗೆಯಲ್ಲಿ ಇನ್ನೊಂದು. ಎಷ್ಟು ಹಿಂದಕ್ಕೆ ಬರುತ್ತದೆ ಎಂಬುದನ್ನು ಮೊದಲೇ ತಿಳಿದು ಅಷ್ಟು ಹೆಚ್ಚಿಗೆ ಒತ್ತುವವನೇ ಕೆಲಸಗಾರ. ನನ್ನ ವಿದ್ಯೆ ಎಂದರೆ ಇಷ್ಟೇ, ಆದರೆ ಇದನ್ನು ನನ್ನಷ್ಟು ಬಲ್ಲವರು ಆ ರಸ್ತೆಯಲ್ಲಿ ಇರಲಿಲ್ಲ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಶೆಡ್ಡಿನ ಹೊಸ್ತಿಲ ಹೊರಗೆ ನಾವೆಲ್ಲ ಚಪ್ಪಲಿಯನ್ನು ಹೇಗೋ ಕಳಚಿ ಎಸೆದು ಒಳಗಿನ ಬೂಟು ಹಾಕಿಕೊಂಡರೆ, ಅವನು ಮಾತ್ರ ಬಗ್ಗಿ, ಚಪ್ಪಲಿಯನ್ನು ತಿರುಗಿಸಿ, ಮೂತಿ ರಸ್ತೆಯ ಕಡೆ ಮಾಡಿ ಜೋಡಿಸಿಡುತ್ತಿದ್ದ.

"ಏನೋ ಅದು, ಮಾಲೀಕರು ಬೈದ್ರೆ ಓಡೋಕೆ ರೆಡಿನಾ?" ಎಂದು ನಾನು ರೇಗಿಸುತ್ತಿದ್ದೆ.

"ಬೇರೆಯವ್ರ ಜಾಗ ಕಣೋ. ಏಳು ಅಂದ್ರೆ ಏಳೋ ಹಂಗಿರ್ಬೇಕು" ಎನ್ನುತ್ತಿದ್ದ.

ಒಂದು ಶನಿವಾರ ನಾಗರಬಾವಿ ಕಡೆಯ ಲ್ಯಾಬಿನಿಂದ ಒಬ್ಬ ಮೇಡಂ ಬಂದರು. ಕೈಯಲ್ಲಿ ಒಂದು ಡ್ರಾಯಿಂಗು, ಒಂದು ಡಬ್ಬಿಯೊಳಗೆ ಚಾಕೊಲೇಟಿನ ಕಾಗದಕ್ಕಿಂತ ತೆಳುವಾದ ತಗಡು. ನಾಲ್ಕು ಶೆಡ್ಡಿನವರು ಆಗಲ್ಲ ಎಂದು ಕಳಿಸಿದ್ದರಂತೆ. ನಾನು ಆ ತಗಡನ್ನು ಎರಡು ಮರದ ಪಟ್ಟಿಗಳ ನಡುವೆ ಹಿಡಿದು, ಉಗುರಿನಿಂದ ಒತ್ತಿ, ಅರ್ಧ ಗಂಟೆಯಲ್ಲಿ ಅವರಿಗೆ ಬೇಕಾದ ಹಾಗೆ ಬಗ್ಗಿಸಿ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಮ್ಮ ಲ್ಯಾಬಿಗೆ ಬರ್ತೀರಾ? ಇಂಥ ಕೈ ನಮಗೆ ಬೇಕು. ಪರ್ಮನೆಂಟ್ ಮಾಡಿಸೋಕೆ ನಾನು ಪ್ರಯತ್ನ ಮಾಡ್ತೀನಿ."

ನಾನು ಎದೆಯುಬ್ಬಿಸಿ ಕೇಳಿದೆ: "ನಿಮ್ಮಲ್ಲಿ ದಿನಕ್ಕೆ ಎಷ್ಟು ಪೀಸು ಮೇಡಂ?"

ಅವರು ನಕ್ಕರು. "ದಿನಕ್ಕಾ? ಒಂದೊಂದ್ಸಲ ವರ್ಷಕ್ಕೆ ಒಂದು."

ವರ್ಷಕ್ಕೆ ಒಂದು! ಶೆಡ್ಡಿನಲ್ಲಿ ಇದ್ದವರೆಲ್ಲ ಕೇಳಿಸಿಕೊಳ್ಳುವ ಹಾಗೆ ನಾನು ಹೇಳಿದ ಮಾತು ಇದು: "ಅಂಥ ಕೆಲಸಕ್ಕೆ ನಾನ್ಯಾಕೆ ಮೇಡಂ? ಅಗೋ, ಅಲ್ಲಿ ಬಾಗಿಲಲ್ಲಿ ಕಣ್ಣು ಮುಚ್ಕೊಂಡು ನಿಂತವ್ನಲ್ಲ, ಅವನನ್ನ ಕರ್ಕೊಂಡು ಹೋಗಿ. ವರ್ಷಕ್ಕೆ ಒಂದು ಅಂದ್ರೆ ಅವನಿಗೆ ಸರಿಯಾಗಿರುತ್ತೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಲೀಕರೂ ನಕ್ಕರು. ಅವನು ನಗಲಿಲ್ಲ. ಕೈಯಲ್ಲಿದ್ದ ಪೀಸನ್ನು ಇಟ್ಟ, ಬಟ್ಟೆಯಲ್ಲಿ ಕೈ ಒರೆಸಿಕೊಂಡ, "ಬರ್ತೀನಿ ಮೇಡಂ" ಎಂದ. ಜೀವಮಾನದಲ್ಲಿ ಅವನು ಅವಸರ ಮಾಡಿದ್ದನ್ನು ನಾನು ನೋಡಿದ್ದು ಆ ದಿನ ಒಂದೇ. ಚಪ್ಪಲಿ ಹೇಗೂ ರಸ್ತೆಗೆ ಮುಖ ಮಾಡಿತ್ತು, ಬೂಟು ಕಳಚಿ ಕಾಲು ತೂರಿಸಿ ಮೇಡಂ ಹಿಂದೆ ಹೊರಟೇ ಬಿಟ್ಟ. ಟಿಫನ್ ಡಬ್ಬಿಯನ್ನು ಕೂಡ ಮರೆತಿದ್ದ. ಮಧ್ಯಾಹ್ನ ಅದನ್ನು ತೆಗೆದು ನಾನೇ ತಿಂದೆ. ಚಿತ್ರಾನ್ನ. ಚೆನ್ನಾಗಿತ್ತು.

ಸೋಮವಾರದಿಂದ ಅವನು ಲ್ಯಾಬಿನವನಾದ.

ಆಮೇಲೆ ನಾನು ಲಗ್ಗೆರೆಯಲ್ಲಿ ಸ್ವಂತ ಶೆಡ್ಡು ಹಾಕಿದೆ. ಎರಡು ಮಿಷನ್ನು ತಂದೆ, ಮನೆ ಕಟ್ಟಿದೆ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದೆ. ಯಾರ ಮುಂದೆಯೂ ಕೈ ಚಾಚದೆ ಬದುಕಿದ್ದೇನೆ. ಹೊಟ್ಟೆಕಿಚ್ಚು ಪಡಲು ನನಗೆ ಕಾರಣವೇ ಇರಬಾರದು. ಆದರೆ ಭಾನುವಾರ ಬೆಳಿಗ್ಗೆ ಅವನು ಮನೆಗೆ ಬರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಉಗುರುಗಳಲ್ಲಿ ಕಪ್ಪಿಲ್ಲ. ನನ್ನ ಹೆಂಡತಿ ಅವನಿಗೆ ಮಾತ್ರ ಹೊಸ ಲೋಟದಲ್ಲಿ ಕಾಫಿ ಕೊಡುತ್ತಿದ್ದಳು.

"ಏನಣ್ಣಾ, ಹುಡುಗ್ರೆಲ್ಲಾ ನಿಮ್ಮನ್ನ ಸರ್ ಅಂತಾರಂತೆ?" ಎಂದು ಕೇಳುವಳು.

"ಅಂತಾರಮ್ಮ. ಬೇಡ ಅಂದ್ರೂ ಕೇಳಲ್ಲ."

ನನ್ನನ್ನು ಸರ್ ಎನ್ನುವವರು ಇಬ್ಬರೇ: ಗುಜರಿಯವನು, ಮತ್ತು ಫೋನಿನಲ್ಲಿ ಲೋನು ಬೇಕೇ ಎಂದು ಕೇಳುವ ಹುಡುಗಿ.

ಒಂದು ಸಲ ನಾವಿಬ್ಬರೂ ಚಂದ್ರಾ ಲೇಔಟಿನ ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆವು. ಆ ದರ್ಶಿನಿಯ ಸ್ಟೀಲಿನ ಕೌಂಟರು ನಾನು ಮಾಡಿದ್ದು. ಬೇಕೆಂದೇ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವನು ಮಾತಾಡುತ್ತಾ ಆಡುತ್ತಾ ಕೌಂಟರಿನ ಅಂಚಿನ ಕೆಳಗೆ ಹೆಬ್ಬೆರಳು ಆಡಿಸಿದ. ನಾನು ಉಸಿರು ಬಿಗಿಹಿಡಿದೆ. ಅವನು ಏನೂ ಹೇಳಲಿಲ್ಲ, ಬೆರಳು ಒರೆಸಿಕೊಂಡ. ಮರುದಿನ ಮೂಲೆಮಟ್ಟ ತೆಗೆದುಕೊಂಡು ಹೋಗಿ, ಗಿರಾಕಿಗಳ ಕಾಲ ಮಧ್ಯೆ ಕುಕ್ಕರುಗಾಲಲ್ಲಿ ಕುಳಿತು ಅಳೆದೆ. ಅರ್ಧ ಡಿಗ್ರಿ ಬಾಕಿ ಇತ್ತು. ಹೇಳದೆ ಬಿಟ್ಟಿದ್ದನಲ್ಲ, ಅದಕ್ಕೆ ಇನ್ನೂ ಸಿಟ್ಟು ಬಂತು.

"ನೀನು ಅಲ್ಲಿ ಮಾಡೋದೇನು?" ಎಂದು ಅವತ್ತು ದರ್ಶಿನಿಯಲ್ಲೇ ಕೇಳಿದ್ದೆ.

"ನೀನು ಮಾಡೋದೇ. ತಗಡು ಬಗ್ಸೋದು. ಆದ್ರೆ ಮುಟ್ಟಂಗಿಲ್ಲ."

"ಮುಟ್ದೆ ಬಗ್ಸೋಕೆ ಅದೇನು ಮಂತ್ರ ಹಾಕ್ತೀಯಾ?"

"ಬಾ ಒಂದಿನ, ತೋರಿಸ್ತೀನಿ."

ಹೋಗಬಾರದೆಂದು ಎರಡು ವರ್ಷ ಹೋಗಲಿಲ್ಲ. ಆಮೇಲೆ ಹೋದೆ.

ಕಾಲಿಗೆ ಬಟ್ಟೆಯ ಚೀಲ, ತಲೆಗೆ ಟೋಪಿ ಹಾಕಿಸಿ ಒಳಗೆ ಬಿಟ್ಟರು. ಹಾಲಿನ ಕ್ಯಾನಿನಷ್ಟು ಗಾತ್ರದ ಒಂದು ಸ್ಟೀಲಿನ ಕೊಳಗ, ಅದರ ಸುತ್ತ ಪೈಪು, ಪಕ್ಕದಲ್ಲಿ ಎರಡು ಟಿವಿ ಪರದೆ. ಕೊಳಗದೊಳಗೆ ಗಾಳಿಯೂ ಇಲ್ಲವಂತೆ. ಆ ಮೇಡಂ ಇದ್ದರು, ಕೂದಲು ಬೆಳ್ಳಗಾಗಿತ್ತು. ಇಬ್ಬರು ವಿದ್ಯಾರ್ಥಿಗಳು ಅವನ ಕುರ್ಚಿಯ ಹಿಂದೆ ಕೈಕಟ್ಟಿ ನಿಂತಿದ್ದರು. ಪರದೆಯ ಮೇಲೆ ಒಂದು ಬೂದು ಬಣ್ಣದ ಪಟ್ಟಿ ಕಾಣುತ್ತಿತ್ತು. ಮೂರು ಕಡೆ ಬಿಡಿಸಿ ಒಂದು ಕಡೆ ಅಂಟಿದ್ದ, ನಾಲಿಗೆಯಂಥ ಪಟ್ಟಿ. ಅಲ್ಯೂಮಿನಿಯಂ. ದಪ್ಪ ಎಷ್ಟೆಂದರೆ, ಒಂದು ತಲೆಗೂದಲನ್ನು ಐನೂರು ಪದರ ಮಾಡಿದರೆ ಅದರಲ್ಲಿ ಒಂದು ಪದರ.

ಅವನು ತನ್ನ ನಿಧಾನದಲ್ಲೇ ವಿವರಿಸಿದ. "ಪರಮಾಣು ಅಂತ ಇರುತ್ತಲ್ಲ, ಅದು ಸುಮ್ನೆ ಯಾರ ಮಾತೂ ಕೇಳಲ್ಲ. ಅದರ ಮೈಯಿಂದ ಒಂದ್ ಚೂರು ಕಿತ್ಕೊಂಡ್ರೆ, ಅವಾಗ ಕರೆಂಟಿನ ಮಾತು ಕೇಳುತ್ತೆ. ಅದಕ್ಕೆ ಅಯಾನು ಅಂತಾರೆ. ಅಂಥವನ್ನ ಸಾಲಾಗಿ ಎಳೆದು, ಮೇಲಿಂದ ಈ ಪಟ್ಟಿಗೆ ಬಡಿಯೋದು. ಸುತ್ತಿಗೆನೇ ಅಂದ್ಕೋ, ಕಣ್ಣಿಗೆ ಕಾಣಲ್ಲ ಅಷ್ಟೆ." ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ನೀನು ಹೇಳು. ಮೇಲಿಂದ ಬಡಿದ್ರೆ ತುದಿ ಯಾವ ಕಡೆ ಬಗ್ಗುತ್ತೆ?"

ವಿದ್ಯಾರ್ಥಿಗಳು ನನ್ನನ್ನು ನೋಡಿದರು. ಮೇಡಂ ನೋಡಿದರು. ಇಷ್ಟು ವರ್ಷ ಕಾದಿದ್ದು ಈ ಪ್ರಶ್ನೆಗೇ ಎನ್ನಿಸಿತು. ತಗಡಿನ ಒಂದು ಮುಖಕ್ಕೆ ಸುತ್ತಿಗೆಯಿಂದ ಬಡಿಯುತ್ತಾ ಹೋದರೆ ಆ ಮುಖ ಹಿಗ್ಗುತ್ತದೆ, ಅಂಚು ಪೆಟ್ಟಿನಿಂದ ದೂರಕ್ಕೆ ಬಾಗುತ್ತದೆ. ಸಾವಿರ ಸಲ ಕಂಡಿದ್ದೇನೆ.

"ಇದ್ರಲ್ಲಿ ಕೇಳೋದೇನಿದೆ? ಕೆಳಕ್ಕೆ" ಎಂದೆ. "ಬಡಿದ್ರೆ ಯಾವುದಾದ್ರೂ ದೂರಾನೇ ಹೋಗೋದು."

ಅವನು ಬೆರಳ ತುದಿಗೆ ಊದಿಕೊಂಡು ಒಂದು ಗುಂಡಿ ಒತ್ತಿದ. ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪಟ್ಟಿಯ ತುದಿ ಅಲುಗಿತು. ಕೆಳಕ್ಕೆ!

"ನೋಡಿದ್ರಾ ಮೇಡಂ!" ನಾನು ಕೂಗಿಯೇ ಬಿಟ್ಟೆ. ಒಬ್ಬ ವಿದ್ಯಾರ್ಥಿ ನಕ್ಕ. ನನಗೆ ಹೆಮ್ಮೆಯಿಂದ ಮೈ ಬಿಸಿಯಾಯಿತು.

ತುದಿ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಮೇಲೆ ಬಂತು. ಮೊದಲಿದ್ದ ಮಟ್ಟಕ್ಕೆ ಬಂತು. ಅಲ್ಲಿಗೂ ನಿಲ್ಲಲಿಲ್ಲ. ಬಡಿಯುತ್ತಿರುವ ಕಡೆಗೇ ಏಳುತ್ತಾ ಏಳುತ್ತಾ, ಮಲಗಿದ್ದ ನಾಲಿಗೆ ನೆಟ್ಟಗೆ ಎದ್ದು ನಿಂತಿತು.

ನಾನು ಟೋಪಿ ಸರಿಮಾಡಿಕೊಂಡೆ.

"ಇವನು ಹೇಳಿದ್ದೂ ಸುಳ್ಳಲ್ಲ" ಎಂದು ಅವನು ವಿದ್ಯಾರ್ಥಿಗಳಿಗೆ ಹೇಳಿದ. "ಮೊದಲು ಕೆಳಗೇ ಹೋಯ್ತಲ್ಲ. ಹೊರಗಿಂದ ಬಂದು ತುರುಕಿಕೊಂಡ ಅಯಾನುಗಳು ಮೇಲ್ಪದರಾನ ಹಿಗ್ಗಿಸ್ತವೆ. ಆಮೇಲೆ ಬಡಿತದಲ್ಲಿ ಒಳಗಿನ ಪರಮಾಣು ಜಾಗ ಬಿಟ್ಟು ಹೋಗ್ತವೆ, ಖಾಲಿ ಜಾಗ ಒಟ್ಟಾಗುತ್ತೆ, ಮೇಲ್ಪದರ ಬಿಗಿಯುತ್ತೆ." ನನಗೆ ಅರ್ಥವಾಗಲಿಲ್ಲವೆಂದು ತಿಳಿದು, "ಮಾಳಿಗೆ ಮೇಲೆ ಹಪ್ಪಳ ಒಣಗಿಸ್ತಾರಲ್ಲ, ಅದು ಬಿಸಿಲಿನ ಕಡೆಗೇ ಸುರುಳ್ಕೊಳ್ಳಲ್ವಾ? ಹಂಗೆ" ಎಂದ.

ನನ್ನ ಹೆಂಡತಿ ಪ್ರತಿ ಬೇಸಿಗೆಯಲ್ಲೂ ಹಪ್ಪಳ ಒಣಗಿಸುತ್ತಾಳೆ. ನಾನೇ ಮಾಳಿಗೆಗೆ ಚಾಪೆ ಹೊತ್ತುಕೊಂಡು ಹೋಗುತ್ತೇನೆ. ಕಣ್ಣೆದುರೇ ಇದ್ದದ್ದು ನನಗೆ ಕಾಣಲಿಲ್ಲ, ಅವನಿಗೆ ಕಂಡಿತ್ತು.

ಆದರೂ ಸೋಲು ಒಪ್ಪಲಿಲ್ಲ. "ಈಗ ನಿಲ್ಲಿಸು ನೋಡೋಣ. ಎಷ್ಟು ಹಿಂದಕ್ಕೆ ಬರುತ್ತೆ?"

ಅವನು ಮಿಷನ್ನು ನಿಲ್ಲಿಸಿದ. ನಾನು ಪರದೆಗೆ ಮೂಗು ತಾಗಿಸಿಕೊಂಡು ಕಾದೆ. ಪಟ್ಟಿ ಕದಲಲಿಲ್ಲ.

"ಬರಲ್ವಾ?"

"ಬರಲ್ಲ."

"ಒಂಚೂರೂ?"

"ಇಲ್ಲ ಕಣೋ. ನಿಂತಿದ್ದು ನಿಂತ ಹಾಗೆ."

ನಲವತ್ತು ವರ್ಷ ನಾನು ಆ ಎರಡು ಡಿಗ್ರಿಯ ಜೊತೆ ಬಡಿದಾಡಿದ್ದೆ. ನನ್ನ ವಿದ್ಯೆಯೆಲ್ಲ ಆ ಎರಡು ಡಿಗ್ರಿಯಲ್ಲಿತ್ತು. ಅದು ಬೇಕಾಗಿಲ್ಲದ ತಗಡೊಂದು ಈ ಊರಿನಲ್ಲೇ, ನನ್ನ ಮನೆಯಿಂದ ಎರಡು ಬಸ್ಸಿನ ದೂರದಲ್ಲಿ ಇತ್ತು. ಅದನ್ನು ಬಗ್ಗಿಸುವ ಕುರ್ಚಿಯಲ್ಲಿ ಇಪ್ಪತ್ತೈದು ದಾಟದವನು ಕುಳಿತಿದ್ದ.

ಅವನು ಹಾಗೆ ನಾಲ್ಕು ಪಟ್ಟಿಗಳನ್ನು ಎಬ್ಬಿಸಿ ನಾಲ್ಕು ಗೋಡೆಯ ಒಂದು ಡಬ್ಬಿ ಮಾಡಿದ. ಧೂಳಿನ ಕಣದ ಮೇಲೆ ಕೂರುವಷ್ಟು ಸಣ್ಣ ಡಬ್ಬಿ. ಬೆಳಕನ್ನು ಹಿಡಿಯುವ ಕೆಲಸಕ್ಕೆ ಬರುತ್ತದಂತೆ. ಅದರ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಲ್ಯಾಬಿನ ಓಣಿಯಲ್ಲಿ ಹಾಕಿದ್ದಾರೆ. ನಾನೂ ಡಬ್ಬಿ ಮಾಡುವವನು. ರಾಜಾಜಿನಗರದಿಂದ ಕೆಂಗೇರಿಯ ತನಕ ಎಷ್ಟೋ ಗೋಡೆಗಳ ಮೇಲೆ ನನ್ನ ಡಬ್ಬಿಗಳಿವೆ. ಅವುಗಳ ಮೇಲೆ ಪಿಜಿ ಖಾಲಿ ಇದೆ ಎಂಬ ಚೀಟಿ ಅಂಟಿಸುತ್ತಾರೆ.

ನಿವೃತ್ತಿಯ ದಿನ ಸಭೆ ಮುಗಿದ ಮೇಲೆ ನಾವಿಬ್ಬರೂ ಆ ಫೋಟೋದ ಕೆಳಗೇ ನಿಂತು ಕೇಸರಿಬಾತು ತಿಂದೆವು. ಅವನ ಭಾಷಣದಲ್ಲಿ ಮೇಡಂ ಹೆಸರು ಬಂದಿತ್ತು, ವಾಚ್‌ಮನ್ ಹೆಸರೂ ಬಂದಿತ್ತು, ನನ್ನದು ಬಂದಿರಲಿಲ್ಲ. ನನ್ನಿಂದ ತಡೆಯಲಾಗಲಿಲ್ಲ.

"ಅವತ್ತು ಮೇಡಂ ಕರೆದಿದ್ದು ನನ್ನನ್ನ. ಜ್ಞಾಪಕ ಇದ್ಯಾ?"

"ಮರೆಯೋಕಾಗುತ್ತಾ?"

"ನಾನು ನಿನ್ನನ್ನ ತೋರಿಸಿದ್ದು ತಮಾಷೆಗೆ."

"ಗೊತ್ತು. ಎಲ್ರೂ ನಕ್ಕಿದ್ದೂ ಗೊತ್ತು. ಅದನ್ನ ಇವತ್ತು ಮೈಕಲ್ಲಿ ಹೇಳಿದ್ರೆ ನಿನಗೆ ಚೆನ್ನಾಗಿರುತ್ತಾ?"

ನನ್ನನ್ನು ಉಳಿಸಲು ನನ್ನ ಹೆಸರು ಬಿಟ್ಟಿದ್ದ. ನಾನು ಚಮಚವನ್ನು ತಟ್ಟೆಯಲ್ಲಿ ಇಟ್ಟೆ.

"ರೋಷ ಬರ್ಲಿಲ್ವೇನೋ ನಿನಗೆ?"

"ಬಂತು. ಆದ್ರೆ ರೋಷ ತೋರಿಸ್ತಾ ನಿಂತ್ಕೊಂಡ್ರೆ ನೀನು ಮನಸ್ಸು ಬದಲಾಯಿಸ್ಬಿಡ್ತೀಯ ಅಂತ ಭಯ. ಅದಕ್ಕೇ ಟಿಫನ್ ಡಬ್ಬಿನೂ ಬಿಟ್ಟು ಓಡಿದ್ದು." ಅವನು ಪೇಟವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಯಾವ ಶೀಟಾದ್ರೂ ಒಂಚೂರು ಹಿಂದಕ್ಕೆ ಬರುತ್ತಲ್ಲ. ನೀನೂ ಬರ್ತೀಯ ಅಂತ ಒಂದು ತಿಂಗಳು ಗೇಟಿನ ಕಡೆ ನೋಡ್ತಾನೇ ಇದ್ದೆ. ಬಂದಿದ್ರೆ ನಾನು ಏಳಲೇಬೇಕಾಗಿತ್ತು. ಕೆಲಸ ನಿಂದು."

"ನಾನ್ಯಾಕೆ ಬರ್ಲಿ?" ಎಂದೆ. "ನನಗೇನು ಕೆಲಸ ಇರ್ಲಿಲ್ವಾ?"

"ಅದೂ ಸರಿ" ಎಂದ. ತಟ್ಟೆಯಲ್ಲಿ ಉಳಿದಿದ್ದ ದ್ರಾಕ್ಷಿಯನ್ನು ಹೆಬ್ಬೆರಳಿನಿಂದ ಒತ್ತಿ ಬಾಯಿಗೆ ಹಾಕಿಕೊಂಡ.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ಸಂಚಿಕೆ ಅವನಿಗೂ ತಲುಪುತ್ತದೆ. ಹಾಳೆಯನ್ನು ಬಾಗಿಲಿನ ಬೆಳಕಿಗೆ ಒಯ್ದು, ಒಂದು ಕಣ್ಣು ಮುಚ್ಚಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ "ಇನ್ನೊಂಚೂರು" ಎನ್ನುತ್ತಾನೆ. ಅವನು ಹಾಗೆಂದ ಯಾವ ಸಲವೂ ತಪ್ಪಾಗಿರಲಿಲ್ಲ. ಆದ್ದರಿಂದ ಆ ಚೂರನ್ನೂ ಬರೆದುಬಿಡುತ್ತೇನೆ.

ಅವನು ಲ್ಯಾಬಿಗೆ ಸೇರಿದ ಆ ಸೋಮವಾರ ನಾನು ಹೋಗಿದ್ದೆ. ಉಗುರಿನ ಕಪ್ಪನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದು, ಮದುವೆಯ ಅಂಗಿಗೆ ಇಸ್ತ್ರಿ ಹಾಕಿಸಿ, ಎರಡು ಬಸ್ಸು ಹತ್ತಿ, ಆ ಗೇಟಿನ ತನಕ ಹೋಗಿದ್ದೆ. ವಾಚ್‌ಮನ್ "ಯಾರು ಬೇಕು?" ಎಂದ. ಗೇಟಿನಿಂದ ಲ್ಯಾಬಿನ ಮೆಟ್ಟಿಲು ಕಾಣುತ್ತಿತ್ತು. ಮೆಟ್ಟಿಲ ಕೆಳಗೆ ಒಂದು ಜೊತೆ ಹವಾಯಿ ಚಪ್ಪಲಿ. ಇನ್ಯಾರದೂ ಆಗಿರಲು ಸಾಧ್ಯವಿರಲಿಲ್ಲ. ಜಾಗ ತುಂಬಿತು ಎಂದುಕೊಂಡೆ. "ಯಾರೂ ಬೇಡ" ಎಂದು ಹೇಳಿ ಬಂದ ದಾರಿಯಲ್ಲೇ ವಾಪಸ್ಸು ಬಂದೆ.

ಆ ಚಪ್ಪಲಿಗಳ ಮೂತಿ ಗೇಟಿನ ಕಡೆಗೆ, ನಾನು ನಿಂತಿದ್ದ ಕಡೆಗೇ ಇತ್ತು.